ಇಂಗ್ಲಿಷ್ ಸರ್‌ಗೆ ಸಾಕಾಗೇತಿ

ಎಸ್‌ಎಸ್‌ಎಲ್‌ಸಿ ಫಲಿತಾಂಶದ ದಿನ ಜಿಲ್ಲಾ ವರದಿಗಾರ ಬರೆಯುವ ಮೊದಲ ಸಾಲು ಎಂದೂ ಬದಲಾಗುವುದಿಲ್ಲ. ಜಿಲ್ಲೆಗೆ ಎಷ್ಟನೇ ಸ್ಥಾನ ಬಂತು, ಹೋದ ವರ್ಷ ಎಷ್ಟಿತ್ತು, ಏರಿತೋ ಇಳಿಯಿತೋ. ಎರಡನೇ ಪ್ಯಾರಾದಲ್ಲಿ ಜಿಲ್ಲೆಗೆ ಮೊದಲು ಬಂದ ಹುಡುಗಿಯ ಬಾಯಿಗೆ ಅವ್ವ ಪೇಡೆ ಇಡುತ್ತಿರುವ ಫೋಟೊದ ವಿವರ. ಮೂರನೆಯದರಲ್ಲಿ ‘ಗಣಿತ ಮತ್ತು ಇಂಗ್ಲಿಷ್ ವಿಷಯಗಳಲ್ಲಿ ಹೆಚ್ಚಿನ ಮಕ್ಕಳು ಅನುತ್ತೀರ್ಣರಾಗಿದ್ದು’ ಎಂದು ಶುರುವಾಗುವ ಒಂದು ವಾಕ್ಯ. ಹತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಈ ಕೆಲಸದಲ್ಲಿರುವ ನಾನು ಆ ಮೂರನೇ ಪ್ಯಾರಾವನ್ನು ಕಣ್ಣು ಮುಚ್ಚಿಕೊಂಡು ಟೈಪ್ ಮಾಡಬಲ್ಲೆ.

2024ರ ಮೇ ತಿಂಗಳಲ್ಲೂ ಹಾಗೆಯೇ ಮಾಡಿದೆ. ಆ ವರ್ಷ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಶುರು ಮಾಡಿದ್ದರು. ರಾಜ್ಯದ ಫಲಿತಾಂಶವೇ ಶೇ 83.89ರಿಂದ ಶೇ 73.40ಕ್ಕೆ ಇಳಿದಿತ್ತು, ಅದೂ ಕೃಪಾಂಕವನ್ನು ಶೇ 20ಕ್ಕೆ ಏರಿಸಿದ ಮೇಲೆ. ಡೆಸ್ಕಿನಿಂದ ‘ಒಂದು ಲೋಕಲ್ ಸ್ಟೋರಿ ಕೊಡಿ’ ಅಂದರು. ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಸುಮಾರು ಅರ್ಧದಷ್ಟು ಮಕ್ಕಳು ಇಂಗ್ಲಿಷ್‌ನಲ್ಲಿ ಫೇಲಾಗಿದ್ದು ಗೊತ್ತಾಯಿತು, ಬರೆದೆ. ಡಬಲ್ ಕಾಲಂ ಬಂತು. ಹತ್ತು ದಿನ ಬಿಟ್ಟು ಆ ಶಾಲೆಯ ಇಂಗ್ಲಿಷ್ ಶಿಕ್ಷಕರಿಂದ ಫೋನ್. ಅವರಿಗೆ ನೋಟಿಸ್ ಬಂದಿತ್ತು. ನೋಟಿಸಿನ ಜೊತೆ ನನ್ನ ಸುದ್ದಿಯ ಜೆರಾಕ್ಸ್ ಪ್ರತಿ ಇತ್ತು.

‘ನೀವು ಬರದದ್ದು ಸುಳ್ಳಲ್ರಿ ಸರ. ಆದ್ರ ಪೂರ್ತಿನೂ ಅಲ್ಲ. ಒಮ್ಮೆ ಇರಕಲ್ಲಗಡಕ್ಕ ಬರ್ರಿ, ಮಾತಾಡೂನು’ ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನ್ನನ್ನು ಹೋಗುವಂತೆ ಮಾಡಿತು.

ಇರಕಲ್ಲಗಡ ನಮ್ಮ ಕೊಪ್ಪಳ ತಾಲ್ಲೂಕಿನ ಹೋಬಳಿ ಊರು. ಹೆಸರಿನಲ್ಲಿರುವ ‘ಗಡ’ಕ್ಕೆ ಸಾಕ್ಷಿಯಾಗಿ ಗುಡ್ಡದ ಮೇಲೆ ಹಳೆಯ ಕೋಟೆ ಇದೆ. ಬಸ್ ನಿಲ್ಲುವ ಕಡೆ ಒಂದು ಹೋಟೆಲಿನಲ್ಲಿ ಒಗ್ಗರಣಿ-ಮಿರ್ಚಿ ತರಿಸಿಕೊಂಡು ಎರಡು ತಾಸು ಕುಳಿತೆವು. ಅವರಿಗೆ ಇಪ್ಪತ್ತೆರಡು ವರ್ಷ ಸರ್ವಿಸ್. ನೋಟಿಸಿನ ಬಗ್ಗೆ ಮಾತಾಡಿದ್ದು ಐದು ನಿಮಿಷವೂ ಇಲ್ಲ. ‘ನನಗ ಸಾಕಾಗೇತ್ರಿ. ಇದು ದಣಿವಲ್ಲ. ದಣಿವಾದ್ರ ರಾತ್ರಿ ಮಲಕೊಂಡ್ರ ಹೋಗ್ತೈತಿ. ಇದು ಮುಂಜಾನೆ ಎದ್ದಾಗನೂ ಇರ್ತೈತಿ’ ಅಂದರು.

ಮನೆಗೆ ಬಂದ ಮೇಲೆ ಈ ಮಾತು ತಲೆಯಲ್ಲಿ ಉಳಿಯಿತು. ಇದಕ್ಕೆ ಪುಸ್ತಕದಲ್ಲಿ ಬರ್ನ್‌ಔಟ್ ಎಂಬ ಹೆಸರಿದೆ. 1974ರಲ್ಲಿ ನ್ಯೂಯಾರ್ಕಿನ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಉಚಿತ ಚಿಕಿತ್ಸಾಲಯಗಳಲ್ಲಿ ದುಡಿಯುವವರ ಬಗ್ಗೆ ಬರೆಯುತ್ತ ಈ ಪದವನ್ನು ಬಳಕೆಗೆ ತಂದರು. ಆಮೇಲೆ ಕ್ರಿಸ್ಟಿನಾ ಮಾಸ್ಲಾಕ್ ಎಂಬ ವಿದ್ವಾಂಸೆ ಇದರಲ್ಲಿ ಮೂರು ಎಳೆಗಳನ್ನು ಗುರುತಿಸಿದರು. ಒಳಗಿನ ಕಸುವು ಬತ್ತುವುದು, ಯಾರಿಗಾಗಿ ಕೆಲಸ ಮಾಡುತ್ತೇವೋ ಅವರನ್ನು ಮನುಷ್ಯರಂತೆ ಕಾಣುವುದು ನಿಂತುಹೋಗುವುದು, ತನ್ನಿಂದ ಏನೂ ಆಗುತ್ತಿಲ್ಲ ಎನ್ನಿಸುವುದು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ಪಟ್ಟಿಯ ಹೊಸ ಆವೃತ್ತಿಯಲ್ಲಿ ಇದನ್ನು ಸೇರಿಸುವಾಗ ಒಂದು ಮಾತು ಸ್ಪಷ್ಟ ಮಾಡಿತು. ಇದು ಕಾಯಿಲೆಯಲ್ಲ, ಕೆಲಸದ ಜಾಗದಲ್ಲಿ ಹುಟ್ಟುವ ಸ್ಥಿತಿ.

ಹಾಗಾದರೆ ನಮ್ಮ ಕಡೆಯ ಇಂಗ್ಲಿಷ್ ಶಿಕ್ಷಕರ ಕೆಲಸದ ಜಾಗ ಹೀಗೆ ಆಗಿದ್ದು ಹೇಗೆ? ನಾನು ಹಿಂದಕ್ಕೆ ಹುಡುಕುತ್ತ ಹೋದೆ. ನಿಜಾಮರ ಕಾಲದವರೆಗೆ ಹೋಗಬೇಕಾಯಿತು.

ಕೊಪ್ಪಳ ಮೂರು ಸೀಮೆ ಕೂಡುವ ಜಾಗ. ಪಡುವಲಕ್ಕೆ ಗದಗ, ಮುಂಡರಗಿ ಮುಂಬೈ ಪ್ರಾಂತ್ಯದಲ್ಲಿದ್ದವು. ತುಂಗಭದ್ರೆ ದಾಟಿದರೆ ಬಳ್ಳಾರಿ, ಅದು ಮದ್ರಾಸ್ ಪ್ರಾಂತ್ಯ. ಎರಡೂ ಬ್ರಿಟಿಷರ ನೇರ ಆಡಳಿತ, ಎರಡೂ ಕಡೆ ಹತ್ತೊಂಬತ್ತನೇ ಶತಮಾನದಲ್ಲೇ ಇಂಗ್ಲಿಷ್ ಶಾಲೆಗಳು ಬಂದಿದ್ದವು. ನಡುವಿನ ನಾವು ಹೈದರಾಬಾದ್ ಸಂಸ್ಥಾನದವರು, ಅದರೊಳಗೂ ಸಾಲಾರ್ ಜಂಗ್ ಮನೆತನದ ಜಹಗೀರು. ಆಡಳಿತದ ಭಾಷೆ ಉರ್ದು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಉನ್ನತ ಶಿಕ್ಷಣವನ್ನು ಉರ್ದುವಿನಲ್ಲಿ ಕೊಟ್ಟಿತು, ಇಂಗ್ಲಿಷನ್ನು ಕಡ್ಡಾಯ ವಿಷಯವಾಗಿ ಇಟ್ಟುಕೊಂಡಿತು. ಪರಭಾಷೆಯ ಹಂಗಿಲ್ಲದೆ ವಿಜ್ಞಾನ, ವೈದ್ಯವನ್ನು ದೇಶಭಾಷೆಯಲ್ಲಿ ಕಲಿಸಿದ ಪ್ರಯೋಗ ಎಂದು ಇದನ್ನು ಹೊಗಳುವವರಿದ್ದಾರೆ. ಹೊಗಳಲಿ. ಆದರೆ ಕೊಪ್ಪಳದ ಕನ್ನಡದ ಹುಡುಗನಿಗೆ ಉರ್ದುವೂ ಪರಭಾಷೆಯೇ ಆಗಿತ್ತು. ಅವನು ಇಂಗ್ಲಿಷಿನ ಬಾಗಿಲಿಗೆ ಹೋಗಬೇಕಾದರೆ ಮೊದಲು ಉರ್ದುವಿನ ಅಂಗಳ ದಾಟಬೇಕಿತ್ತು.

ಕನ್ನಡದ ಖಾಸಗಿ ಶಾಲೆ ತೆರೆಯಲು ಸರ್ಕಾರದ ಅಪ್ಪಣೆ ಬೇಕಿತ್ತು, ಸುಲಭಕ್ಕೆ ಸಿಗುತ್ತಿರಲಿಲ್ಲ. ಅಂಥ ಕಾಲದಲ್ಲೂ 1920ರ ದಶಕದಲ್ಲಿ ಕುಕನೂರಿನಲ್ಲಿ ವಿದ್ಯಾನಂದ ಗುರುಕುಲ ತಲೆ ಎತ್ತಿತು. ಅದೊಂದು ಸಾಹಸವೇ. ಆದರೆ ಅಂಥವು ಬೆರಳೆಣಿಕೆ.

ನನ್ನ ಅಜ್ಜ ಸಹಿ ಮಾಡುತ್ತಿದ್ದದ್ದು ಉರ್ದುವಿನಲ್ಲಿ. ಅವನಿಗೆ ಬರುತ್ತಿದ್ದ ಉರ್ದು ಅಷ್ಟೇ, ತನ್ನ ಹೆಸರು. ಹೊಲದ ಕಾಗದ ಬಂದರೆ ಓದಿಸಲು ಊರಲ್ಲಿದ್ದ ಒಬ್ಬ ಮುನ್ಶಿಯ ಹತ್ತಿರ ಹೋಗುತ್ತಿದ್ದನಂತೆ, ಹೋಗುವಾಗ ಒಂದು ಸೇರು ಶೇಂಗಾ ಒಯ್ಯುತ್ತಿದ್ದನಂತೆ. ಈ ಮುನ್ಶಿಯನ್ನು ನೆನಪಿನಲ್ಲಿಡಿ, ಅವರು ಇನ್ನೊಂದು ವೇಷದಲ್ಲಿ ಮತ್ತೆ ಬರುತ್ತಾರೆ.

1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಡಳಿತ ಮುಗಿಯಿತು. 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯ ಸೇರಿದೆವು. ಮುಂಡರಗಿ ಶಿಬಿರದಲ್ಲಿ ಅಳವಂಡಿ ಶಿವಮೂರ್ತಿ ಸ್ವಾಮಿಗಳ ಜೊತೆ ಹೋರಾಡಿದವರ ಕಥೆಗಳನ್ನು ನಾವು ಪ್ರತಿ ಸೆಪ್ಟೆಂಬರ್ 17ಕ್ಕೆ ಬರೆಯುತ್ತೇವೆ. ಏಕೀಕರಣದ ಮರುದಿನ ಶಾಲೆಯಲ್ಲಿ ಏನಾಯಿತು ಎಂದು ಯಾರೂ ಬರೆಯುವುದಿಲ್ಲ. ಹಳೆ ಮೈಸೂರು, ಧಾರವಾಡ, ಮಂಗಳೂರು, ಬಳ್ಳಾರಿ ಸೀಮೆಗಳಿಗೆ ತಲೆಮಾರುಗಳ ಇಂಗ್ಲಿಷ್ ಪಾಠದ ರೂಢಿ ಇತ್ತು, ಕಲಿಸುವವರಿದ್ದರು. ನಮ್ಮಲ್ಲಿ ಕನ್ನಡ ಬರೆಯಬಲ್ಲ ಮಾಸ್ತರರನ್ನು ಹುಡುಕುವುದೇ ಮೊದಲ ಕೆಲಸವಾಗಿತ್ತು. ಎಲ್ಲರಿಗೂ ಒಂದೇ ಪಠ್ಯ, ಒಂದೇ ಪರೀಕ್ಷೆ, ಒಂದೇ 35 ಅಂಕದ ಗೆರೆ ಬಂತು. ಓಟದ ಗೆರೆ ಒಂದೇ ಕಡೆ ಇದ್ದರೂ ಕೆಲವರು ಅಲ್ಲಿಗೆ ಮುಟ್ಟಲಿಕ್ಕೇ ಹತ್ತು ಮೈಲಿ ನಡೆದು ಬಂದಿದ್ದರು.

ಶಿಕ್ಷಕರನ್ನು ತಯಾರು ಮಾಡುವ ಯೋಚನೆ ಸರ್ಕಾರಗಳಿಗೆ ಇರಲಿಲ್ಲ ಅಂತಲ್ಲ. 1958ರಲ್ಲಿ ಹೈದರಾಬಾದಿನಲ್ಲಿ ಕೇಂದ್ರ ಇಂಗ್ಲಿಷ್ ಸಂಸ್ಥೆ ಶುರುವಾಯಿತು. ಇವತ್ತಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯದ ಮೂಲ ಅದೇ. 1959ರಿಂದ 1966ರವರೆಗೆ ಅದರ ನಿರ್ದೇಶಕರಾಗಿದ್ದವರು ನಮ್ಮ ವಿ.ಕೃ. ಗೋಕಾಕರು. ಹೌದು, ಅದೇ ಗೋಕಾಕರು. 1963ರಲ್ಲಿ ಬೆಂಗಳೂರಿನಲ್ಲಿ ದಕ್ಷಿಣದ ರಾಜ್ಯಗಳಿಗಾಗಿ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಬಂತು. ಇವತ್ತಿಗೂ ಅಲ್ಲಿ ಸರ್ಕಾರಿ ಶಿಕ್ಷಕರಿಗೆ ಮೂವತ್ತು ದಿನಗಳ ತರಬೇತಿ ನಡೆಯುತ್ತದೆ. ಹೋಗಿ ಬಂದವರು ಆ ಮೂವತ್ತು ದಿನವನ್ನು ಮದುವೆಯ ನೆನಪಿನಂತೆ ಹೇಳಿಕೊಳ್ಳುತ್ತಾರೆ. ನಮ್ಮ ಸರ್ ಕೂಡ. ‘ತಿಂಗಳಾನುಗಟ್ಲೆ ಇಂಗ್ಲಿಷಿನ್ಯಾಗ ಮಾತಾಡಿದ್ದು ಜೀವನದಾಗ ಅದೊಂದೇ ಸಲರಿ. ಊರಿಗೆ ಬಂದ ಮ್ಯಾಲೆ ಯಾರ ಜೋಡಿ ಮಾತಾಡ್ಲಿ? ಮೂರ್ ತಿಂಗಳಿಗೆ ನಾಲಿಗಿ ಮತ್ತ ಜಡ್ಡುಗಟ್ಟಿತು.’

ಅದೇ ಬೆಂಗಳೂರಿನಲ್ಲಿ 1979ರಿಂದ 1984ರವರೆಗೆ ಎನ್.ಎಸ್. ಪ್ರಭು ಎಂಬುವರು ನಡೆಸಿದ ಪ್ರಯೋಗವೊಂದು ಜಗತ್ತಿನ ಭಾಷಾ ಬೋಧನೆಯ ಪುಸ್ತಕಗಳಲ್ಲಿ ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಹೆಸರಾಗಿದೆ. ವ್ಯಾಕರಣ ಬಾಯಿಪಾಠ ಮಾಡಿಸುವ ಬದಲು ಮಕ್ಕಳಿಗೆ ರೈಲಿನ ವೇಳಾಪಟ್ಟಿ, ನಕ್ಷೆ ಕೊಟ್ಟು ಒಗಟು ಬಿಡಿಸಲು ಹೇಳುವುದು, ಅದರ ನೆಪದಲ್ಲಿ ಇಂಗ್ಲಿಷ್ ಒಳಗೆ ಇಳಿಯುವಂತೆ ಮಾಡುವುದು. 1987ರಲ್ಲಿ ಅವರ ಪುಸ್ತಕ ಬಂತು, ವಿದೇಶಗಳಲ್ಲಿ ಚರ್ಚೆಯಾಯಿತು. ಗುಂತಕಲ್-ಹುಬ್ಬಳ್ಳಿ ಹಳಿಯ ಮೇಲೆ ಕೊಪ್ಪಳಕ್ಕೂ ರೈಲು ಬರುತ್ತಿತ್ತು, ಅದರ ವೇಳಾಪಟ್ಟಿಯೂ ಸ್ಟೇಷನ್ನಿನ ಗೋಡೆಯ ಮೇಲಿತ್ತು. ಅದನ್ನು ತೋರಿಸಿ ಪಾಠ ಮಾಡಿದ ಒಬ್ಬ ಶಿಕ್ಷಕರನ್ನೂ ನಾನು ಈವರೆಗೆ ಕಂಡಿಲ್ಲ.

ಪ್ರಭು ಅವರು 1990ರಲ್ಲಿ ಬರೆದ ಒಂದು ಲೇಖನದ ವಿಚಾರ ಈ ಕಥೆಗೆ ಬಹಳ ಮುಖ್ಯ. ಇದೇ ಶ್ರೇಷ್ಠ ಎನ್ನುವ ಬೋಧನಾ ವಿಧಾನ ಯಾವುದೂ ಇಲ್ಲ, ಶಿಕ್ಷಕ ತಾನು ಮಾಡುತ್ತಿರುವುದರಲ್ಲಿ ನಂಬಿಕೆ ಇಟ್ಟು ತೊಡಗಿದ್ದಾನೆಯೇ ಎಂಬುದೇ ಮುಖ್ಯ ಎಂಬುದು ಅವರ ವಾದ. ಪಾಠ ಯಾಂತ್ರಿಕವಾದಾಗಲೇ ಅದು ಕೆಡುತ್ತದೆ ಎನ್ನುತ್ತಾರೆ. ಶಿಕ್ಷಕನಿಗೆ ತನ್ನ ಪಾಠದ ಮೇಲೆ ಆ ನಂಬಿಕೆ ಉಳಿಯದಂತೆ ನಾವು ಏನೇನು ಮಾಡಿದ್ದೇವೆ ಎಂದು ನೋಡಿದರೆ ಸಾಕು, ಉಳಿದ ಅರ್ಧ ಚರಿತ್ರೆ ಸಿಗುತ್ತದೆ.

ಗೋಕಾಕರಿಗೆ ಮತ್ತೆ ಬರುತ್ತೇನೆ. ಸಂಸ್ಕೃತವನ್ನು ಪ್ರಥಮ ಭಾಷೆಯಾಗಿ ಆರಿಸಿಕೊಂಡು ಕನ್ನಡವನ್ನೇ ಓದದೆ ಪ್ರೌಢಶಾಲೆ ಮುಗಿಸಬಹುದಾಗಿದ್ದ ಕಾಲವದು. 1980ರಲ್ಲಿ ಅವರ ಅಧ್ಯಕ್ಷತೆಯಲ್ಲಿ ಸಮಿತಿಯಾಯಿತು, 1981ರ ಆರಂಭದಲ್ಲಿ ವರದಿ ಬಂತು. ಪ್ರೌಢಶಾಲೆಯಲ್ಲಿ ಕನ್ನಡವೇ ಏಕೈಕ ಪ್ರಥಮ ಭಾಷೆ, 150 ಅಂಕ ಎಂದಿತು ವರದಿ. ಅದರ ಜಾರಿಗಾಗಿ 1982ರಲ್ಲಿ ರಾಜ್‌ಕುಮಾರ್ ಬೀದಿಗಿಳಿದಿದ್ದು ಎಲ್ಲರಿಗೂ ಗೊತ್ತು. ಆ ಚಳವಳಿ ಆಗಬೇಕಿತ್ತು, ನನಗೆ ಅದರಲ್ಲಿ ಅನುಮಾನವಿಲ್ಲ. ಆದರೆ ಜಗಳವೆಲ್ಲ ಮೊದಲ ಕುರ್ಚಿಯಲ್ಲಿ ಯಾರು ಕೂರಬೇಕು ಎಂಬುದರ ಮೇಲೆ ನಡೆಯಿತು. ಎರಡನೇ ಕುರ್ಚಿಯಲ್ಲಿ ನೂರು ಅಂಕ ಹಿಡಿದು ಕುಳಿತಿದ್ದ ಇಂಗ್ಲಿಷನ್ನು ಇರಕಲ್ಲಗಡದಂಥ ಊರಿನಲ್ಲಿ ಯಾರು, ಹೇಗೆ ಕಲಿಸುತ್ತಾರೆ ಎಂದು ಯಾರೂ ಕೇಳಲಿಲ್ಲ. ಇಂಗ್ಲಿಷ್ ಶಿಕ್ಷಕರ ಸಂಕಟ ಬಲ್ಲ ಒಬ್ಬರು ಆ ಸಮಿತಿಯಲ್ಲಿದ್ದರೆ ಅದು ಅದರ ಅಧ್ಯಕ್ಷರೇ. ಹತ್ತನೇ ತರಗತಿಯ ಇಂಗ್ಲಿಷ್ ಪಠ್ಯದಲ್ಲಿ ಗೋಕಾಕರ ‘ದ ಸಾಂಗ್ ಆಫ್ ಇಂಡಿಯಾ’ ಪದ್ಯ ಇದೆ. ಅವರ ಕನ್ನಡದ ಕೆಲಸ ಮಾತ್ರ ಗೊತ್ತಿರುವ ಮಕ್ಕಳು ಅದನ್ನು ನೋಡಿ ‘ಇವ್ರೂ ಇಂಗ್ಲಿಷ್ ಸರ್ ಏನ್ರಿ?’ ಎಂದು ಕೇಳುತ್ತಾರಂತೆ.

ನಾನು ಐದನೇ ತರಗತಿಗೆ ಬಂದದ್ದು ಕೊಪ್ಪಳ ಹೊಸ ಜಿಲ್ಲೆಯಾದ ಆಸುಪಾಸಿನಲ್ಲಿ, 1998ರ ನಂತರ. ಆಗ ಇಂಗ್ಲಿಷ್ ಶುರುವಾಗುತ್ತಿದ್ದದ್ದೇ ಐದರಿಂದ. ಹತ್ತು ವರ್ಷ ತುಂಬಿದ ಮೇಲೆ ಎಬಿಸಿಡಿ. ನಮ್ಮ ಸಾಲಿಯ ಮಾಸ್ತರು ಪಾಠದ ಪ್ರತಿ ಪದದ ಮೇಲೆ ಕನ್ನಡದಲ್ಲಿ ಉಚ್ಚಾರ ಬರೆಸುತ್ತಿದ್ದರು, ಕೆಳಗೆ ಅರ್ಥ. ಹೀಗಾಗಿ ನನ್ನ ಇಂಗ್ಲಿಷ್ ಪುಸ್ತಕ ಮೂರಂತಸ್ತಿನ ಮನೆಯಂತಿತ್ತು, ನಾನು ಓದುತ್ತಿದ್ದದ್ದು ಮೇಲಿನ ಮತ್ತು ಕೆಳಗಿನ ಮಹಡಿ ಮಾತ್ರ. ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಪಾಠ ಮಾಡಿದವರು ಸಮಾಜ ವಿಜ್ಞಾನದ ಸರ್. ಬರುತ್ತದೆ ಅಂತಲ್ಲ, ಬೇರೆ ಯಾರೂ ಇರಲಿಲ್ಲ ಅಂತ. ನಾನು 38 ಅಂಕ ತೆಗೆದು ಪಾಸಾದೆ. ಅವರು ನನ್ನ ಬೆನ್ನು ತಟ್ಟಿದ್ದು ಈಗಲೂ ನೆನಪಿದೆ, ಅವರ ಮುಖದಲ್ಲಿ ನನಗಿಂತ ಹೆಚ್ಚು ನೆಮ್ಮದಿ ಇತ್ತು.

2007-08ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂತು. ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿ, ಬಸವರಾಜ ಹೊರಟ್ಟಿ ಶಿಕ್ಷಣ ಸಚಿವರು. ಬಡವರ ಮಕ್ಕಳಿಗೂ ಇಂಗ್ಲಿಷ್ ಸಿಗಲಿ ಎಂಬ ಬೇಡಿಕೆ ನ್ಯಾಯವಾದದ್ದು. ಬೇಡಿಕೆ ಈಡೇರಿಸಬೇಕಾದವರು ಯಾರು? ಪಿಯುಸಿ ಮುಗಿಸಿ ಟಿಸಿಎಚ್ ಅಥವಾ ಡಿ.ಇಡಿ. ಮಾಡಿ ಕೆಲಸಕ್ಕೆ ಸೇರಿದವರು. ತಾವೇ ಐದನೇ ತರಗತಿಯಿಂದ ಮೂರಂತಸ್ತಿನ ಪುಸ್ತಕ ಓದಿ ಬಂದವರು. ಅವರಿಗೆ ಕೆಲವು ದಿನಗಳ ತರಬೇತಿ ಸಿಕ್ಕಿತು. ಶುರುವಾಗುವ ತರಗತಿ ಐದರಿಂದ ಒಂದಕ್ಕೆ ಇಳಿಯಿತು, ಕಲಿಸುವವರ ತಯಾರಿ ಇದ್ದಲ್ಲೇ ಇತ್ತು. ನನ್ನ ಲೆಕ್ಕದಲ್ಲಿ ಈ ನೂರು ವರ್ಷದ ಕಥೆಯೆಲ್ಲ ಇದೇ ರೀತಿ ನಡೆದಿದೆ. ಪ್ರತಿ ಸಲ ಮೇಲಿನವರು ಊರಿಗೆ ಒಂದು ಮಾತು ಕೊಡುತ್ತಾರೆ, ಆ ಮಾತು ಉಳಿಸಿಕೊಡುವ ಜವಾಬ್ದಾರಿ ಒಬ್ಬ ಮಾಸ್ತರರ ಹೆಗಲಿಗೆ ಬೀಳುತ್ತದೆ. ಉಳಿಯದಿದ್ದಾಗ ನೋಟಿಸ್ ಹೋಗುವುದೂ ಅವರಿಗೇ.

ಅತ್ತ ಕೋರ್ಟಿನಲ್ಲಿ ಇನ್ನೊಂದು ಕಥೆ. ಒಂದರಿಂದ ನಾಲ್ಕರವರೆಗೆ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮ ಎಂಬ 1994ರ ಆದೇಶ ಖಾಸಗಿ ಶಾಲೆಗಳ ಮಟ್ಟಿಗೆ 2008ರಲ್ಲಿ ಹೈಕೋರ್ಟಿನಲ್ಲಿ ಬಿದ್ದುಹೋಯಿತು, 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಅದನ್ನೇ ಎತ್ತಿಹಿಡಿಯಿತು. ಅಷ್ಟರಲ್ಲಾಗಲೇ ನಮ್ಮ ಹಳ್ಳಿಗಳಿಗೆ ಹಳದಿ ವ್ಯಾನುಗಳು ಬಂದಿದ್ದವು. ಟೈ ಕಟ್ಟಿಕೊಂಡ ಎಲ್‌ಕೆಜಿ ಕೂಸು ಕಟ್ಟೆಯ ಮೇಲೆ ನಿಂತು ರೈಮ್ಸ್ ಹೇಳಿದರೆ ಸರ್ಕಾರಿ ಶಾಲೆಯ ಮಗುವಿನ ಅಪ್ಪ ಮಗುವನ್ನು ನೋಡುವುದಿಲ್ಲ, ಮಾಸ್ತರರನ್ನು ನೋಡುತ್ತಾನೆ. 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗ ತೆರೆದರು. ಸಾಹಿತಿಗಳು ವಿರೋಧಿಸಿದರು, ಪಾಲಕರು ಸಾಲುಗಟ್ಟಿ ನಿಂತರು. ನಾನು ಆಗ ಎರಡೂ ಕಡೆಯವರ ಹೇಳಿಕೆ ಬರೆದೆ. ಕಲಿಸಬೇಕಾದವರನ್ನು ಮಾತಾಡಿಸಿದ್ದು ಇಲ್ಲ.

ಬೇರೆ ವಿಷಯದ ಶಿಕ್ಷಕರಿಗೂ ಕೆಲಸದ ಹೊರೆ ಇದೆ. ಬಿಸಿಯೂಟದ ಲೆಕ್ಕ, ಹಾಲಿನ ಪುಡಿಯ ಲೆಕ್ಕ, ಮೊಟ್ಟೆಯ ಲೆಕ್ಕ. (2002ರಲ್ಲಿ ಅಕ್ಷರ ದಾಸೋಹ ಮೊದಲು ಬಂದ ಜಿಲ್ಲೆಗಳಲ್ಲಿ ನಮ್ಮದೂ ಒಂದು, 2021ರ ಡಿಸೆಂಬರಿನಲ್ಲಿ ಮೊಟ್ಟೆ ಮೊದಲು ಬಂದ ಜಿಲ್ಲೆಗಳಲ್ಲೂ ನಮ್ಮದೊಂದು. ಮಕ್ಕಳ ಮೈಗೆ ಅದರಿಂದ ಒಳ್ಳೆಯದೇ ಆಗಿದೆ, ಆ ಬಗ್ಗೆ ತಕರಾರಿಲ್ಲ.) ಜನಗಣತಿ, ವಿಕೋಪ ಪರಿಹಾರ, ಚುನಾವಣೆ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಎಂದು ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಂ ಹೇಳುತ್ತದೆ. ಆ ಕಲಂ ಎಷ್ಟು ಹಿಗ್ಗುತ್ತದೆ ಎಂದು ಪ್ರತಿ ಶಿಕ್ಷಕರಿಗೂ ಗೊತ್ತು.

ಆದರೆ ಇಂಗ್ಲಿಷ್ ಶಿಕ್ಷಕರಿಗೆ ಇನ್ನೊಂದು ಹೊರೆ ಇದೆ, ಯಾವ ಸುತ್ತೋಲೆಯಲ್ಲೂ ಬರೆಯದೆ ಇರುವಂಥದ್ದು. ಶಾಲೆಯ ಆನ್‌ಲೈನ್ ಎಂಟ್ರಿ ಎಲ್ಲ ಇಂಗ್ಲಿಷಿನಲ್ಲಿ, ಆದ್ದರಿಂದ ‘ಅವರಿಗೆ ಬರ್ತದ, ಅವರ ಕಡೆ ಕೊಡ್ರಿ’. ಮಕ್ಕಳ ಹೆಸರಿನ ಸ್ಪೆಲ್ಲಿಂಗ್ ಆಧಾರಿನಲ್ಲಿ ಒಂದು, ಟಿ.ಸಿ.ಯಲ್ಲಿ ಒಂದು. ತಿದ್ದುವ ಅರ್ಜಿ ಇಂಗ್ಲಿಷ್ ಸರ್ ಬರೆಯಬೇಕು. ಬ್ಯಾಂಕಿನಿಂದ ಬಂದ ಪತ್ರ, ಹುಬ್ಬಳ್ಳಿ ಆಸ್ಪತ್ರೆಯ ರಿಪೋರ್ಟು, ಇನ್ಶೂರೆನ್ಸ್ ಕಾಗದ ಹಿಡಿದು ಊರವರು ಸಾಲಿಗೆ ಬರುತ್ತಾರೆ. ‘ಒಬ್ಬಾಕಿ ಮುದುಕಿ ಬಂದಿದ್ಲರಿ, ಮಗನ ಸ್ಕ್ಯಾನಿಂಗ್ ರಿಪೋರ್ಟ್ ತಗೊಂಡು. ಓದಿದ್ರ ಅದು ಕ್ಯಾನ್ಸರ್. ನಾ ಹೆಂಗ ಹೇಳ್ಲಿ? ಇಂಗ್ಲಿಷ್ ಬರ್ತದ ಅಂತ ನನಗ ಬಂದ ಶಿಕ್ಷಾ ನೋಡ್ರಿ ಇದು.’ ಅಜ್ಜನ ಕಾಲದ ಮುನ್ಶಿ ಇಲ್ಲಿದ್ದಾರೆ. ವ್ಯತ್ಯಾಸವೆಂದರೆ ಈ ಮುನ್ಶಿಗೆ ಯಾರೂ ಶೇಂಗಾ ತರುವುದಿಲ್ಲ, ಇವರಿಗೆ ಇದರ ನಡುವೆ ಒಂಬತ್ತನೇ ತರಗತಿಯ ಪಿರಿಯಡ್ಡೂ ಇರುತ್ತದೆ.

ಪಿರಿಯಡ್ಡಿನೊಳಗೆ ಯಾರಿದ್ದಾರೆ ನೋಡಿ. ತಾಂಡಾದಿಂದ ಬರುವ ಮಕ್ಕಳಿಗೆ ಮನೆಯ ಮಾತು ಲಂಬಾಣಿ, ಅವರಿಗೆ ಕನ್ನಡವೇ ಕಲಿತ ಭಾಷೆ. ಮಳೆ ಕೈಕೊಟ್ಟ ವರ್ಷ ಅಪ್ಪ-ಅವ್ವನ ಜೊತೆ ಬೆಂಗಳೂರು, ಮಂಗಳೂರು, ಗೋವಾ ಕಡೆ ಗುಳೆ ಹೋಗಿ ತಿಂಗಳುಗಟ್ಟಲೆ ಬಿಟ್ಟು ಬರುವವರು. ಬೀಜದ ಪ್ಲಾಟಿನಲ್ಲಿ ಕ್ರಾಸಿಂಗ್ ಮಾಡಲು ಹೋಗುವ ಹುಡುಗಿಯರು. ನಂಜುಂಡಪ್ಪ ಸಮಿತಿ 2002ರಲ್ಲಿ ಅತ್ಯಂತ ಹಿಂದುಳಿದವು ಎಂದು ಗುರುತಿಸಿದ 39 ತಾಲ್ಲೂಕುಗಳಲ್ಲಿ ಕುಷ್ಟಗಿ, ಯಲಬುರ್ಗಾ ಎರಡೂ ಇವೆ. ವಿಜ್ಞಾನದ ಸರ್ ಹೊಲ, ಮಳೆ, ದನ ತೋರಿಸಿ ಪಾಠ ಮಾಡಬಹುದು. ಸಮಾಜದ ಸರ್ ಊರ ಕೋಟೆ ತೋರಿಸಬಹುದು. ಇಂಗ್ಲಿಷ್ ಸರ್ ತೋರಿಸುವುದೇನನ್ನು? ಈ ಮಕ್ಕಳ ಕಿವಿಗೆ ಇಡೀ ದಿನದಲ್ಲಿ ಬೀಳುವ ಇಂಗ್ಲಿಷ್ ಎಂದರೆ ಅವರು ಮಾತಾಡುವ ನಲವತ್ತು ನಿಮಿಷ, ಅದೂ ಮಾತಾಡಿದರೆ.

ಅವರು ಮಾತಾಡುವುದನ್ನು ಯಾವಾಗ ಬಿಟ್ಟರು ಎಂದು ಕೇಳಿದೆ. ತುಸು ಹೊತ್ತು ಸುಮ್ಮನಿದ್ದು ಹೇಳಿದರು. ಒಮ್ಮೆ ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಮಕ್ಕಳ ಎದುರಿಗೇ ಇವರ ಉಚ್ಚಾರ ತಿದ್ದಿದರಂತೆ. ಮಕ್ಕಳು ನಕ್ಕರಂತೆ. ಮರುದಿನದಿಂದ ಕನ್ನಡದಲ್ಲೇ ಇಂಗ್ಲಿಷ್ ಪಾಠ. ಅದಾಗಿ ಒಂಬತ್ತು ವರ್ಷ.

ಈಗ ಜನವರಿ ಬಂತೆಂದರೆ ‘ಪಾಸಿಂಗ್ ಪ್ಯಾಕೇಜ್’ ಶುರು. ತರಗತಿಯನ್ನು ಎರಡು ಭಾಗ ಮಾಡುವುದು, ಹೇಗೂ ಪಾಸಾಗುವವರು ಮತ್ತು ಎಳೆದು ದಾಟಿಸಬೇಕಾದವರು. ಎರಡನೆಯವರಿಗೆ ಒಂದು ಪತ್ರ, ಒಂದು ಪ್ರಬಂಧ, ಬಾಯಿಪಾಠಕ್ಕೆ ಒಂದು ಪದ್ಯ, ಪ್ಯಾಸೇಜಿನಲ್ಲಿ ಪ್ರಶ್ನೆಯ ಪದ ಎಲ್ಲಿದೆಯೋ ಆ ಸಾಲನ್ನೇ ಇಳಿಸುವ ಉಪಾಯ. ‘ಅವರ ಹೆಸರು ಮರತಬಿಟ್ಟೀನ್ರಿ. ಸಿ ಗ್ರೂಪಿನವ, ಇಪ್ಪತ್ತೆಂಟು ಬರುವವ, ಹಂಗ ನೆನಪಿಡ್ತೀನಿ’ ಅಂದರು. ಮಾಸ್ಲಾಕ್ ಹೇಳಿದ ಎರಡನೇ ಎಳೆಯನ್ನು ಇದಕ್ಕಿಂತ ಸರಿಯಾಗಿ ವಿವರಿಸಲು ನನಗೆ ಬರುವುದಿಲ್ಲ. ಇದೇ ಮನುಷ್ಯ ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ಮಕ್ಕಳನ್ನು ಗುಡ್ಡಕ್ಕೆ ಕರೆದೊಯ್ದು ಕಂಡದ್ದಕ್ಕೆಲ್ಲ ಇಂಗ್ಲಿಷ್ ಹೆಸರು ಹೇಳಿಸುತ್ತಿದ್ದರು ಎಂದು ಅವರ ಹಳೆಯ ವಿದ್ಯಾರ್ಥಿಯೊಬ್ಬ ನನಗೆ ಹೇಳಿದ.

ಮುನಿರಾಬಾದಿನ ಡಯಟ್‌ನಲ್ಲಿ ಆಗಾಗ ತರಬೇತಿ ನಡೆಯುತ್ತದೆ. ಖಾಲಿ ಹುದ್ದೆಗಳಿಗೆ ಅತಿಥಿ ಶಿಕ್ಷಕರು ಬರುತ್ತಾರೆ, ತಿಂಗಳಿಗೆ ಹತ್ತು-ಹನ್ನೆರಡು ಸಾವಿರ ರೂಪಾಯಿ ಗೌರವಧನ, ಅದೂ ತಡವಾಗಿ. ಅವರಲ್ಲಿ ಒಬ್ಬ ಅಕ್ಕೋರು ಹೇಳಿದ್ದು: ‘ನಿಮ್ಮ ಸರ್ ಸುಸ್ತಾಗ್ಯಾರ ಅಂತ ಬರೀತೀರಿ. ಬರೀರಿ. ನಮಗ ಸುಸ್ತಾಗಾಕ ಪರ್ಮನೆಂಟ್ ನೌಕರಿನ ಇಲ್ಲಲ್ರಿ.’ ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ನಾನೂ ಸಂಬಳವಿಲ್ಲದ, ಸುದ್ದಿಗಿಷ್ಟು ಎಂದು ದುಡ್ಡು ಎಣಿಸುವವನೇ.

2025ರ ಫಲಿತಾಂಶದ ದಿನ ಮೂರನೇ ಪ್ಯಾರಾ ಬದಲಿಸಿದೆ. ತಾಲ್ಲೂಕಿನಲ್ಲಿ ಇಂಗ್ಲಿಷ್ ಶಿಕ್ಷಕರಿಲ್ಲದ ಶಾಲೆಗಳು ಯಾವುವು, ಬೇರೆ ವಿಷಯದವರು ಇಂಗ್ಲಿಷ್ ಪಾಠ ಮಾಡುತ್ತಿರುವುದು ಎಲ್ಲಿ ಎಂದು ಆರು ಸಾಲು ಸೇರಿಸಿದೆ. ಜಾಗವಿಲ್ಲ ಎಂದು ಡೆಸ್ಕಿನಲ್ಲಿ ಕತ್ತರಿಸಿದರು. ಜಿಲ್ಲೆಯ ಸ್ಥಾನ ಬಂತು, ಪೇಡೆಯ ಫೋಟೊ ಬಂತು.

ಆ ವರ್ಷದ ಸೆಪ್ಟೆಂಬರ್ 22ರಿಂದ ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ನಡೆಯಿತಲ್ಲ, ಅದಕ್ಕಾಗಿ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಹಿಗ್ಗಿಸಿದ್ದರು. ಆ ದಿನಗಳಲ್ಲಿ ಒಮ್ಮೆ ಇರಕಲ್ಲಗಡ ಕಡೆ ಹೋಗಿದ್ದೆ. ಊರ ಹೊರಗಿನ ಒಂದು ಬಂಡೆಯ ಮೇಲೆ ಮೊಬೈಲ್ ಎತ್ತಿ ಹಿಡಿದು ನಿಂತಿದ್ದವರು ನಮ್ಮ ಸರ್. ಆ್ಯಪ್‌ಗೆ ನೆಟ್‌ವರ್ಕ್ ಸಿಗುತ್ತಿರಲಿಲ್ಲ. ಸ್ವಯಂ ನಿವೃತ್ತಿ ತಗೋತೀನಿ ಅಂತಿದ್ದಿರಲ್ಲ ಸರ್, ಏನಾಯ್ತು ಎಂದೆ.

‘ಅರ್ಜಿ ಬರದಿಟ್ಟೀನ್ರಿ. ಇಂಗ್ಲಿಷಿನ್ಯಾಗ ಬರದೀನಿ, ಒಂದೂ ತಪ್ಪಿಲ್ದಂಗ. ಕಳಿಸಿಲ್ಲ’ ಅಂದರು. ಅಷ್ಟರಲ್ಲಿ ಸಿಗ್ನಲ್ಲಿನ ಎರಡು ಗೆರೆ ಬಂದವು. ನನ್ನ ಕೈಗೆ ತಮ್ಮ ಚೀಲ ಕೊಟ್ಟು, ಮುಂದಿನ ಮನೆಯ ಹೆಸರು ಟೈಪ್ ಮಾಡತೊಡಗಿದರು.